ಬದು ದಾಟಬಾರದ ಮಣ್ಣು

ಮಳೆ ಬಿದ್ದರೆ ಎರೆಹೊಲದ ಕರಿಮಣ್ಣು ಕಾಲಿಗೆ ಅಂಟಿಕೊಳ್ಳುತ್ತದೆ. ಕಳೆ ತೆಗೆಯುವ ಹೆಂಗಸರು ಹೀಗೆ ತಮ್ಮ ಹೊಲವನ್ನೇ ಕದ್ದೊಯ್ಯುತ್ತಿದ್ದಾರೆಂದು ಹೊಲದ ಧಣಿ ದೇಸಾಯರಿಗೆ ಒಂದು ದಿನ ಹೊಳೆಯಿತು.

"ಚಿಟಿಕೆ ಮಣ್ಣು ಬದು ದಾಟಿದರ ನಿನ್ನ ಚಾಕರಿ ಹೋತು" ಎಂದು ಕಾವಲುಗಾರ ಹುಚ್ಚೀರಪ್ಪನಿಗೆ ತಾಕೀತಾಯಿತು. ಹೆಂಗಸರು ಬದುವಿನಲ್ಲಿ ಕೂತು ಕಾಲು ಕೆರೆದುಕೊಳ್ಳುವಷ್ಟರಲ್ಲಿ ಕತ್ತಲಾಗುತ್ತಿತ್ತು. ಮನೆಗಳಲ್ಲಿ ಒಲೆ ಹೊತ್ತುತ್ತಿರಲಿಲ್ಲ.

ಶ್ರಾವಣದ ಒಂದು ಬೆಳಗ್ಗೆ ದೇಸಾಯರೇ ಹೊಸ ಜೋಡು ಮೆಟ್ಟಿ ಹೊಲ ನೋಡಲು ಬಂದರು. ಹಿಂದಿರುಗುವಾಗ ಒಂದೊಂದು ಕಾಲಿಗೂ ಒಂದೊಂದು ಬುಟ್ಟಿ ಮಣ್ಣು. ಹುಚ್ಚೀರಪ್ಪ ಕೋಲು ಅಡ್ಡ ಹಿಡಿದ.

"ನಿಂದರ್ರಿ ಧಣ್ಯಾರ. ಮಣ್ಣು ಹೊಂಟೈತಿ."

"ಇದು ನಂದ ಮಣ್ಣಲೇ!"

"ಅದಕ್ಕ ಕಾಯಾಕ ಹತ್ತೀನ್ರಿ."

ದೇಸಾಯರು ಜೋಡು ಕಳಚಿ ಎಸೆದರು. ಮಣ್ಣು ಬರಿಗಾಲಿಗೆ ಮೆತ್ತಿತು. ಹೊಲದ ಹೊಂಡದಲ್ಲಿ ತೊಳೆದು ಹೊರಗೆ ಕಾಲಿಟ್ಟರೆ ಮತ್ತೆ ಮೆತ್ತಿತು.

"ಕೆಂಪು ಮಸಾರಿ ಮಣ್ಣು ಆಗಿದ್ರ ಕೊಡವಿದ್ರ ಉದುರತಿತ್ರಿ" ಎಂದ ಹುಚ್ಚೀರಪ್ಪ, ಮರುಕದಿಂದ. "ಎರಿ ಮಣ್ಣು ಒಣಗಿದ ಮ್ಯಾಲೇ ಬಿಡತೈತಿ. ಮೋಡ ಸರಿಯೋ ಮಟ ಕುಂದರ್ರಿ. ದಸರಾಕ್ಕ ಬಿಸಲು ಬರತೈತಿ."

ಊಟದ ಹೊತ್ತು ಮೀರಿತು. ದೇಸಾಯರು ಕೆಮ್ಮಿದರು. "ಇಷ್ಟು ಮಣ್ಣು ಹೋದರ ಹೊಲ ಏನೂ ಬಡವಾಗೂದಿಲ್ಲ."

"ಹೆಣ್ಮಕ್ಕಳಿಗೂ ಇದ ಅಪ್ಪಣೇನ್ರಿ?"

"ಎಲ್ಲಾರಿಗೂ! ಕೋಲು ತಗಿ!"

ಅಂದು ಹೆಂಗಸರು ಬೆಳಕಿರುವಾಗಲೇ ಮನೆ ಸೇರಿದರು. ದೇಸಾಯರ ಜೋಡು ಮಾತ್ರ ಈ ಅಪ್ಪಣೆಗೆ ಮೊದಲೇ ಮಣ್ಣಿನ ಸಮೇತ ಸಿಕ್ಕಿಬಿದ್ದದ್ದರಿಂದ ದಸರೆಯವರೆಗೆ ಕಾವಲಿನಲ್ಲಿತ್ತು.