ಚಿಕ್ಕಮಾದ ಹೊಸಿಲು ದಾಟದ ಕತೆ

ಕೊಳ್ಳೇಗಾಲದಲ್ಲಿ ರವಿಕೆ ಹೊಲಿಯುವ ಕೆಂಪನಂಜಮ್ಮನಿಗೆ ಒಬ್ಬನೇ ಮಗ, ಚಿಕ್ಕಮಾದ. ಮನಸ್ಸು ಹಾಲು, ಬುದ್ಧಿ ನೀರುಮಜ್ಜಿಗೆ. ಇವನಿಗೊಂದು ಮದುವೆಯಾದರೆ ಸಾಕಪ್ಪ ಅನ್ನುವುದೊಂದೇ ಅವಳ ಆಸೆ.

ಒಂದು ದಿನ ಮಾದ ಫೋನು ಹಿಡಿದು ಓಡಿಬಂದ.

"ಅವ್ವಾ, ಒಂದ್ಸಲ ಪಂಚೆ ನೋಡ್ದೆ. ಈಗ ಸುದ್ದಿ ನೋಡಿದ್ರೂ ಪಂಚೆ, ಹಾಡು ಹಾಕಿದ್ರೂ ಪಂಚೆ."

"ಕುಕ್ಕಿಗೆ ಒಪ್ಪಿದೆ ಅಂತ ಒತ್ತಿದೇನ್ಲಾ?"

"ಎಲ್ಲಕ್ಕೂ ಒಪ್ಪಿದೆ ಅಂತ ಒತ್ದೆ. ಪಾಪ, ಅಷ್ಟು ಮರ್ಯಾದೆಯಾಗಿ ಕೇಳ್ತು."

"ಅಯ್ಯೋ ಪೆದ್ದೇ! ಕುಕ್ಕಿ ಅಂದ್ರೆ ನೀನು ಏನೇನು ನೋಡ್ದೆ ಅಂತ ನಿನ್ ಫೋನಿಗೇ ಅಂಟಿಸೋ ಗುರುತಿನ ಚೀಟಿ. ಅದ ನೋಡ್ಕೊಂಡೇ ಅಂಗಡಿಯವರು ಹಿಂದೆ ಬೀಳೋದು. ಇನ್ಮೇಲೆ ಕೇಳಿದ್ರೆ ಎಲ್ಲಾನೂ ಬೇಡ ಅನ್ನು."

"ಆಗ್ಲಿ ಕಣವ್ವ."

ಆ ಭಾನುವಾರವೇ ಹೆಣ್ಣು ನೋಡಲು ಹೋದರು. ಕೇಸರಿಬಾತ್ ತಗೊಳ್ಳಿ ಅಂದರು, ಬೇಡ ಅಂದ. ಕಾಫಿ ಅಂದರು, ಬೇಡ ಅಂದ. ಹುಡುಗಿ ಒಪ್ಪಿಗೆಯಾ ಅಂದರು.

"ಎಲ್ಲಾನೂ ಬೇಡ."

ಕೆಂಪನಂಜಮ್ಮ ಮಗನ ತೊಡೆ ಚಿವುಟಿದಳು. ಬಾಗಿಲ ಮರೆಯಲ್ಲಿದ್ದ ಹುಡುಗಿ ಸೌಭಾಗ್ಯ ಮಾತ್ರ ಕಿಸಕ್ಕನೆ ನಕ್ಕಳು. ಇಷ್ಟು ನಗಿಸುವ ಗಂಡು ಇನ್ನೆಲ್ಲಿ ಸಿಕ್ಕಾನು ಅಂತ ಅವಳೇ ಒಪ್ಪಿಬಿಟ್ಟಳು.

ದಾರಿಯುದ್ದಕ್ಕೂ ಬೈಗುಳ. "ಅಗತ್ಯವಾದದ್ದಕ್ಕೆ ಹೂಂ ಅನ್ಬೇಕು ಕಣ್ಲಾ. ಉಳಿದದ್ದು ಬೇಡ ಅನ್ನು."

"ಆಗ್ಲಿ ಕಣವ್ವ."

ಮದುವೆ ಹತ್ತಿರ ಬಂತು. ಮದುವೆಯಾಗೋ ಜೋಡಿಗೆ ಬಹುಮಾನ ಕೊಡ್ತೀವಿ, ಹುಡುಗಿ ವಿವರ ತುಂಬಿ ಅಂತ ಫೋನಿನಲ್ಲೊಂದು ಪುಟ ತೆರೆಯಿತು. ಮಾದ ಸೌಭಾಗ್ಯಳ ಹೆಸರು, ನಂಬರು, ಮನೆ ವಿಳಾಸ ಎಲ್ಲ ತುಂಬಿದ. ಆಮೇಲೆ ಅವಳಿಗೆ ದಿನವಿಡೀ ಸೀರೆ ಮಾರುವವರ, ಸೈಟು ಮಾರುವವರ ಫೋನು.

"ಯಾಕ್ಲಾ ಕೊಟ್ಟೆ?"

"ಒಂದೊಂದು ಖಾನೆ ಮುಂದೂ ಅಗತ್ಯ ಅಂತ ಕೆಂಪು ನಕ್ಷತ್ರ ಹಾಕಿದ್ರು ಕಣವ್ವ."

ಕೆಂಪನಂಜಮ್ಮ ಹಣೆ ಚಚ್ಚಿಕೊಂಡಳು. "ಇನ್ಮೇಲೆ ಯಾರೇ ಕೇಳಲಿ, ಎಷ್ಟೇ ಕೇಳಲಿ, ಆ ಹುಡುಗಿ ಹೆಸರು ಬಾಯಿ ಬಿಡಕೂಡದು. ಇಟ್ಕೊಂಡಿರೋದನ್ನೂ ಅಳಿಸಿಹಾಕು."

"ಆಗ್ಲಿ ಕಣವ್ವ."

ಅಂತೂ ತಾಳಿ ಕಟ್ಟಿಸಿ ಗಂಡು ಹೆಣ್ಣನ್ನು ಮನೆಗೆ ಕರೆತಂದರು. ಕೆಂಪನಂಜಮ್ಮನಿಗೆ ಹೋದ ಜೀವ ಬಂದಂತಾಯಿತು. ವಾಡಿಕೆಯಂತೆ ಹೆಂಗಸರು ಹೊಸಿಲಿಗೆ ಅಡ್ಡ ನಿಂತರು. ಜೋಡಿಯ ಹೆಸರು ಹೇಳದೆ ಒಳಗೆ ಬಿಡುವುದಿಲ್ಲ. ಸೌಭಾಗ್ಯ ತಲೆ ತಗ್ಗಿಸಿ "ಚಿಕ್ಕಮಾದ" ಅಂದಳು, ಸೇರಕ್ಕಿ ಒದ್ದು ಒಳಗೆ ಬಂದಳು.

ಮಾದ ತುಟಿ ಬಿಗಿದು ನಿಂತ.

"ಹೆಂಡ್ತಿ ಹೆಸರು ಹೇಳಪ್ಪ."

"ಯಾಕೆ ಬೇಕು ನಿಮಗೆ? ಹೆಸರು ಹೇಳದೆ ಒಳಗೆ ಬಿಡೋ ದಾರಿ ಇದ್ರೆ ತೋರ್ಸಿ."

ಬಿಸಿಲೇರಿತು. ಒಳಗೆ ಎಲೆ ಹಾಕಿದರು, ಪಾಯಸ ಬಡಿಸಿದರು. ಮದುಮಗ ಬೀದಿಯಲ್ಲೇ ನಿಂತಿದ್ದಾನೆ. ಕೆಂಪನಂಜಮ್ಮ ಓಡಿಬಂದು ಕೈಮುಗಿದಳು. "ನಾನೇ ಹೇಳ್ತಾ ಇವ್ನಿ ಕಣಪ್ಪ, ಇವರು ನಮ್ಮೋರು. ಹೆಸರು ಹೇಳು, ಒಳಗೆ ಬಾ."

ಮಾದ ತಲೆ ಕೆರೆದುಕೊಂಡ.

"ಅಳಿಸು ಅಂದಿದ್ದೆ ಅಲ್ವಾ ಅವ್ವಾ? ಅವತ್ತೇ ಮರೆತುಬಿಟ್ಟೆ."