ಮೊದಲವಳ ಒಲೆ

ಮದಾಂ ಓದೆಟ್ ಬೆಳಿಗ್ಗೆ ಕೋಳಿಗಳಿಗೆ ಕಾಳು ಹಾಕಿ ಹಿಂತಿರುಗುವಾಗ ದಾರಿಯಲ್ಲಿರುವ ಊರೊಲೆಯ ಬಾಯೊಳಗೆ ಕೈ ಚಾಚಿ, ಕಲ್ಲಿನ ಮೇಲೆ ಅಂಗೈಯಿಟ್ಟು ಒಂದು ಗಳಿಗೆ ನಿಲ್ಲುತ್ತಾರೆ. ಜ್ವರ ಬಂದ ಮಗುವಿನ ಹಣೆ ಮುಟ್ಟಿ ನೋಡುವ ಹಾಗೆ. ಕಲ್ಲು ತಣ್ಣಗಿದೆ ಎಂದು ಅವರಿಗೆ ಗೊತ್ತು. ವರ್ಷಕ್ಕೆ ಒಂದೇ ದಿನ, ಆಗಸ್ಟ್ ತಿಂಗಳಲ್ಲಿ, ಅದಕ್ಕೆ ಬೆಂಕಿ ಹಾಕುತ್ತಾರೆ. ಫ್ರಾನ್ಸಿನ ನಡುಭಾಗದ ಗುಡ್ಡಗಾಡಿನಲ್ಲಿ, ಸುರ್ದಾಲ್ ಎಂಬ ಸಣ್ಣ ಹೊಳೆಯ ದಡದಲ್ಲಿರುವ ವೆರ್ನಾಕ್ ಎಂಬ ಊರು ಇದು. ಊರಿನ ನಡುವೆ ಆಮೆಯ ಬೆನ್ನಿನಂತೆ ಉಬ್ಬಿ ಕುಳಿತಿರುವ ಈ ಕಲ್ಲಿನ ಒಲೆಯನ್ನು ಅಲ್ಲಿನವರು ‘ಮೊದಲವಳ ಒಲೆ’ ಎನ್ನುತ್ತಾರೆ. ಆ ಹೆಸರಿನ ಕಥೆಯನ್ನು ನಾನು ಕೇಳಿದ್ದು ಓದೆಟ್ ಅವರ ಬಾಯಿಂದಲೇ.

ಹಿಂದೆ ಒಮ್ಮೆ, ಮನೆಮನೆಗೆ ಇಂಥ ರೊಟ್ಟಿಯ ಒಲೆ ಕಟ್ಟಿಸುವ ಶಕ್ತಿ ಯಾರಿಗೂ ಇಲ್ಲದಿದ್ದ ಕಾಲದಲ್ಲಿ, ಇಡೀ ಊರಿನ ರೊಟ್ಟಿ ಇದರಲ್ಲೇ ಬೇಯುತ್ತಿತ್ತು. ತಣ್ಣಗಾದ ಕಲ್ಲನ್ನು ಕಾಯಿಸಲು ಗಾಡಿಗಟ್ಟಲೆ ಸೌದೆ ಬೇಕು. ಅಷ್ಟು ಸುರಿದರೂ ಮೊದಲು ಒಲೆಗಿಟ್ಟವರ ರೊಟ್ಟಿ ಮೇಲೆ ಕರಿ, ಒಳಗೆ ಹಸಿ. ಆಮೇಲೆ ಬಂದವರಿಗೆ ಒಂದು ಹಿಡಿ ಪುಳ್ಳೆ ಸಾಕು, ಹೊಂಬಣ್ಣದ ರೊಟ್ಟಿ ಸಿಗುತ್ತಿತ್ತು. ಹಾಗಾಗಿ ಮೊದಲ ಸರದಿ ಯಾರಿಗೂ ಬೇಡ. ಪ್ರತಿ ಮನೆಯ ಗುರುತು ಕೆತ್ತಿದ ಮರದ ಚಕ್ಕೆಗಳನ್ನು ಟೋಪಿಯೊಂದರಲ್ಲಿ ಹಾಕಿ, ಕಣ್ಣು ಮುಚ್ಚಿ ಒಂದನ್ನು ಎತ್ತುತ್ತಿದ್ದರು. ಯಾರ ಚಕ್ಕೆ ಬಂತೋ ಅವರ ಮನೆಯಲ್ಲಿ ಅಂದು ಜಗಳ.

ಒಂದು ಚಳಿಗಾಲದಲ್ಲಿ ಸುರ್ದಾಲ್ ಉಕ್ಕಿ ಬಂದು ದಡದಲ್ಲಿ ಪೇರಿಸಿಟ್ಟಿದ್ದ ಸೌದೆಯನ್ನೆಲ್ಲ ಎಳೆದುಕೊಂಡು ಹೋಯಿತು. ಆ ಸಲ ಟೋಪಿಯಿಂದ ಬಂದದ್ದು ಹಿಟ್ಟಿನ ಗಿರಣಿಯ ಬ್ಲೇಜನ ಚಕ್ಕೆ. “ನನ್ನ ಸೌದೆ ಹೊಳೆ ಪಾಲಾಗಿದೆ. ಹೋಗಿ ಹೊಳೆಯನ್ನೇ ಕೇಳಿ” ಎಂದ ಅವನು. “ಹಾಗಾದರೆ ನಿನ್ನ ಮನೆಯ ಹೊಗೆಗೂಡಿನಿಂದ ದಿನಾ ಏಳುವುದೇನಪ್ಪ, ಮಂಜೇ?” ಎಂದಳು ಒಬ್ಬಳು. ಎಲ್ಲರೂ ನಕ್ಕರು, ಆದರೆ ಸೌದೆ ಯಾರೂ ತರಲಿಲ್ಲ. ಒಲೆ ತಣ್ಣಗೇ ಉಳಿಯಿತು. ನಾದಿಟ್ಟ ಹಿಟ್ಟು ಹುಳಿಯಿತು. ಮಕ್ಕಳು ಬೇಯಿಸಿದ ಚೆಸ್ಟ್‌ನಟ್ ಕಾಯಿ ತಿಂದು ತಿಂದು ಹೊಟ್ಟೆ ಹಿಡಿದುಕೊಂಡು ಅಳುತ್ತಿದ್ದರು.

ಊರಿನ ಗಂಡಸರು ವಸಂತದಲ್ಲಿ ಪ್ಯಾರಿಸ್ಸಿಗೆ ಕಟ್ಟಡ ಕೆಲಸಕ್ಕೆ ಹೋಗಿ ಚಳಿಗಾಲಕ್ಕೆ ಮರಳುವವರು. ಆ ವರ್ಷ ಲೆಯೊನಾರ್ದ್ ಎಂಬವಳ ಗಂಡ ಮಾತ್ರ ಮರಳಿರಲಿಲ್ಲ. ಅಟ್ಟಣಿಗೆಯಿಂದ ಬಿದ್ದು ಅಲ್ಲೇ ತೀರಿಕೊಂಡಿದ್ದ. ಅವಳ ಸೂರು ಸೋರುತ್ತಿತ್ತು. ಅದನ್ನು ಹೊಸದಾಗಿ ಹೊದಿಸಲೆಂದು ಅವನು ಒಣಗಿಸಿಟ್ಟಿದ್ದ ತೊಲೆಗಳು ಗೋಡೆಗೆ ಒರಗಿ ನಿಂತಿದ್ದವು. ಒಂದು ಬೆಳಿಗ್ಗೆ ಅವಳು ಕೊಡಲಿ ತೆಗೆದುಕೊಂಡು ಆ ತೊಲೆಗಳನ್ನು ಸೀಳಿ ಒಲೆಗೆ ಹಾಕಿದಳು. ಅದು ಕರುಣೆ ಎಂದು ಕೆಲವರು ಹೇಳುತ್ತಾರೆ. “ಕರುಣೆಯೂ ಇಲ್ಲ, ಏನೂ ಇಲ್ಲ. ಇವರ ಜಗಳ ಕೇಳಿ ಕೇಳಿ ಅವಳಿಗೆ ರೋಸಿಹೋಗಿತ್ತು” ಎನ್ನುತ್ತಾರೆ ಓದೆಟ್.

ಅವಳ ರೊಟ್ಟಿ ಕರಿದಾಯಿತು. ಉಳಿದವರದು ಚೆನ್ನಾಗಿ ಬೆಂದಿತು. ಎಲ್ಲರೂ ತಮ್ಮ ತಮ್ಮ ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಮನೆಗೆ ಹೋದರು. ಅವಳಿಗೆ ಬೇರೆ ಯಾರಾದರೂ ಒಂದು ಕೊಟ್ಟಿರುತ್ತಾರೆ ಎಂದೇ ಪ್ರತಿಯೊಬ್ಬರೂ ಎಣಿಸಿದ್ದರು. ಸಂಜೆ ಮಳೆ ಹಿಡಿಯಿತು. ಮರುದಿನ ಬ್ಲೇಜನ ಹೆಂಡತಿ ಬಂದು ನೋಡಿದರೆ, ಲೆಯೊನಾರ್ದ್ ಮಗಳನ್ನು ತಬ್ಬಿಕೊಂಡು, ಇನ್ನೂ ಬೆಚ್ಚಗಿದ್ದ ಒಲೆಯ ಗೋಡೆಗೆ ಬೆನ್ನು ಕೊಟ್ಟು ಕೂತು, ಆ ಕರಿ ರೊಟ್ಟಿಯನ್ನೇ ಮುರಿದು ತಿನ್ನುತ್ತಿದ್ದಳು.

“ಮನೆ ಬಿಟ್ಟು ಇಲ್ಲೇಕೆ ಕೂತಿದ್ದೀಯೇ?”

“ನನ್ನ ಸೂರು ಇದರೊಳಗೇ ಇದೆಯಲ್ಲ.”

ಈ ಮಾತು ಮಧ್ಯಾಹ್ನದೊಳಗೆ ಊರೆಲ್ಲ ಹರಡಿತು. ತನ್ನ ಗಿರಣಿಯ ಅಟ್ಟದ ತೊಲೆಯೊಂದನ್ನು ಹೊತ್ತುಕೊಂಡು ಮೊದಲು ಬಂದವನು ಬ್ಲೇಜ್. ಆಮೇಲೆ ಮನೆಗೊಂದರಂತೆ ತೊಲೆಗಳು ಬಂದವು. ವಸಂತದಲ್ಲಿ ಪ್ಯಾರಿಸ್ಸಿಗೆ ಹೊರಡುವ ಮೊದಲು ಗಂಡಸರು ಅವಳ ಸೂರು ಮುಗಿಸಿದರು. ಅಂದಿನಿಂದ ಮೊದಲ ಬೆಂಕಿಯನ್ನು ಅವಳೇ ಕೇಳಿ ಪಡೆದಳು. ಸೌದೆ ಊರಿನದು, ಕೈ ಅವಳದು. ರೊಟ್ಟಿ ಮನೆಗೊಯ್ಯುವ ಮುನ್ನ ಪ್ರತಿಯೊಬ್ಬರೂ ಒಲೆಯ ಮುಂದಿನ ಚಪ್ಪಡಿಯ ಮೇಲೆ ಅವಳಿಗಾಗಿ ಒಂದು ತುಂಡು ಇಡಬೇಕು ಎಂಬುದಾಯಿತು. ಅವಳ ನಂತರ ಮೊದಲ ಬೆಂಕಿ ಹಾಕಿದ ಹೆಂಗಸರೆಲ್ಲ ‘ಮೊದಲವಳು’ ಎನಿಸಿಕೊಂಡರು.

ಒಲೆಯ ಪಕ್ಕದಲ್ಲಿರುವ ಲೆಯೊನಾರ್ದಳ ಆ ಮನೆಯೊಳಗೆ ನಿಂತು ತಲೆಯೆತ್ತಿದರೆ ಇಂದಿಗೂ ಕಾಣುತ್ತದೆ: ಒಂದು ತೊಲೆಯಂತೆ ಇನ್ನೊಂದಿಲ್ಲ. ಒಂದು ದಪ್ಪ, ಒಂದು ಸೊಟ್ಟ, ಒಂದರ ಮೈಗೆ ಗಿರಣಿಯ ಕೊಕ್ಕೆ ಇನ್ನೂ ಅಂಟಿಕೊಂಡಿದೆ. ಈಗ ಅಲ್ಲಿ ವಾಸವಾಗಿರುವವರು ಓದೆಟ್. ಬಹಳ ವರ್ಷಗಳಿಂದ ಮೊದಲವಳು ಅವರೇ. ಆಗಸ್ಟಿನಲ್ಲಿ ಅವರು ಬೆಳಗಿನಿಂದ ಕಲ್ಲು ಕಾಯಿಸುತ್ತಾರೆ. ಮಧ್ಯಾಹ್ನ ಜನ ನಗುನಗುತ್ತ ಪಿಜ್ಜಾ ಹಿಟ್ಟು ಹಿಡಿದು ಬರುತ್ತಾರೆ. ಚಪ್ಪಡಿಯ ಮೇಲೆ ತುಂಡು ಇಡುವುದನ್ನು ಈಗಲೂ ಯಾರೂ ಮರೆಯುವುದಿಲ್ಲ. ಆದರೆ ಕಳೆದ ಸಲ ಸೌದೆ ಎತ್ತುವಾಗ ಅವರ ತೋಳು ಮೇಲೇಳಲಿಲ್ಲ. ಮೊದಲವಳು ಇಲ್ಲದಿದ್ದರೆ ಬೆಂಕಿಯಿಲ್ಲ ಎಂಬುದು ಊರಿನ ಕಟ್ಟಳೆ. ಒಲೆಯ ಫೋಟೋ ತೆಗೆಯಲು ಬರುವ ಹೆಂಗಸರನ್ನೆಲ್ಲ ಓದೆಟ್ ಈಗ ಒಂದೇ ಮಾತು ಕೇಳುತ್ತಾರೆ. ಬಂದವರು ನಕ್ಕು, ಎಷ್ಟು ಚಂದ ಎಂದು ಹೇಳಿ, ಕಾರು ಹತ್ತುತ್ತಾರೆ. ಅಲ್ಲಿನ ಶಾಲೆಯಲ್ಲಿ ಒಂದು ವರ್ಷ ಇಂಗ್ಲಿಷ್ ಕಲಿಸಿ, ಜೂನ್ ಕೊನೆಗೆ ನನ್ನ ಊರಿಗೆ ಹೊರಟು ನಿಂತಿದ್ದ ನನ್ನನ್ನೂ ಕೇಳಿದರು. ಅವರ ಅಂಗೈ ಇನ್ನೂ ಕಲ್ಲಿನ ಮೇಲೇ ಇತ್ತು.

“ಈ ಸಲ ಮೊದಲ ಬೆಂಕಿ ನೀನು ಹಾಕ್ತೀಯಾ, ಮಗೂ?”