ಹೆಸರು ಕಾದವನು

"ಗುರುಗಳೇ, ಇಷ್ಟು ವರ್ಷ ಅವರ ಸಾಮಾನು ಕಾದವನು ನಾನು. ನನ್ನನ್ನೇ ಬೈದವರಿಗೆ ಕೀಲಿ ಯಾಕೆ ಕೊಡಬೇಕು?" ಎಂದು ಶಿಷ್ಯ ಸೋಮಲಿಂಗ ಕೇಳಿದ.

ಊರಿನ ಭಜನೆಯವರು ತಮ್ಮ ಹಾರ್ಮೋನಿಯಂ, ತಬಲಾ, ತಾಳಗಳನ್ನು ಮಠದ ಒಂದು ಕೋಣೆಯಲ್ಲಿ ಇಟ್ಟಿದ್ದರು. ಕೋಣೆಯ ಕೀಲಿ ಸೋಮಲಿಂಗನ ಸೊಂಟದಲ್ಲಿ ಇರುತ್ತಿತ್ತು. ಒಮ್ಮೆ ಅವನು ಬಾಗಿಲು ತೆರೆಯಲು ತಡ ಮಾಡಿದ. ಅವರು ನಾಲ್ಕು ಜನರ ಮುಂದೆ ಬೈದರು. ಅಂದಿನಿಂದ ಅವನು ಕೋಣೆ ತೆರೆದಿರಲಿಲ್ಲ.

ಗುರುಗಳು ಕತೆ ಹೇಳಿದರು.

ಒಂದು ಊರಿನಲ್ಲಿ ಸೈಕಲ್ ಅಂಗಡಿಯ ಮೇಲಿನ ಕೋಣೆಯಲ್ಲಿ ಒಬ್ಬ ಕಂಪನಿ ತೆರೆದ. ಅಂಗಡಿಯವರಿಗೆ ವೆಬ್‌ಸೈಟ್ ಮಾಡಿಕೊಡುವುದು ಅವನ ಕಸುಬು. ಜೊತೆಗೆ ಇದ್ದವನು ಒಬ್ಬನೇ ಕೆಲಸಗಾರ. ಇಂಟರ್ನೆಟ್ಟಿನಲ್ಲಿ ಅಂಗಡಿ ಇಡಬೇಕಾದರೆ ಮೊದಲು ಅದಕ್ಕೊಂದು ಹೆಸರನ್ನು ನೋಂದಾಯಿಸಬೇಕು, ವರ್ಷ ವರ್ಷವೂ ನವೀಕರಿಸಬೇಕು. ಯಾರು ನೋಂದಾಯಿಸುತ್ತಾರೋ ಕೀಲಿ ಅವರ ಕೈಯಲ್ಲಿ. ಊರಿನವರಿಗೆ ಇದೊಂದೂ ತಿಳಿಯದು, ಎಲ್ಲವನ್ನೂ ನೀನೇ ನೋಡಿಕೋ ಎಂದುಬಿಟ್ಟರು. ಕಂಪನಿಯ ಯಜಮಾನ ಎಲ್ಲರ ಹೆಸರುಗಳನ್ನೂ ತನ್ನ ಖಾತೆಯಲ್ಲೇ ನೋಂದಾಯಿಸಿದ. ಆಗ ಅದರಲ್ಲಿ ಮೋಸ ಇರಲಿಲ್ಲ, ಉಪಕಾರವೇ ಇತ್ತು.

ಮೊದಮೊದಲು ಅವನು ಗಿರಾಕಿಯ ಅಂಗಡಿಯಲ್ಲಿ ಕೂತು, ಚಹಾ ಕುಡಿದು, ಯಾರು ಬರುತ್ತಾರೆ, ಏನು ಕೇಳುತ್ತಾರೆ ಎಂದು ನೋಡಿ ಕೆಲಸಕ್ಕೆ ಕೈ ಹಾಕುತ್ತಿದ್ದ. ಕಂಪನಿ ಬೆಳೆಯಿತು. ಕೋಣೆ ಹೋಗಿ ಇಡೀ ಮಹಡಿ ಬಂತು, ಗಾಜಿನ ಬಾಗಿಲು ಬಂತು, ಸಾಲು ಸಾಲು ಕೆಲಸದವರು ಬಂದರು. ಚಪ್ಪಲಿ ಅಂಗಡಿಗೂ ದಂತವೈದ್ಯರಿಗೂ ಒಂದೇ ಅಚ್ಚಿನ ವೆಬ್‌ಸೈಟ್ ಹೊರಬೀಳತೊಡಗಿತು. ಫೋನ್ ಮಾಡಿದವರಿಗೆ ಹಾಡು ಕೇಳಿಸುತ್ತಿತ್ತು, ಮನುಷ್ಯ ಸಿಗುತ್ತಿರಲಿಲ್ಲ.

ಅವನ ಹಳೆಯ ಗಿರಾಕಿಗಳಲ್ಲಿ ರೊಟ್ಟಿ ಮಾರುವ ಹೆಂಗಸೊಬ್ಬಳಿದ್ದಳು. ಜೋಳದ ಖಡಕ್ ರೊಟ್ಟಿಯನ್ನು ಊರೂರಿಗೆ ಕಳಿಸುತ್ತಿದ್ದಳು. ಅವಳ ಜೊತೆ ರೊಟ್ಟಿ ಬಡಿಯುವ ಇಡೀ ಓಣಿಯ ಹೆಂಗಸರು ಆ ವೆಬ್‌ಸೈಟಿಗೆ ಬರುವ ಆರ್ಡರನ್ನೇ ನೆಚ್ಚಿಕೊಂಡಿದ್ದರು. ಜೋಳ ತುಟ್ಟಿಯಾಗಿದೆ, ರೊಟ್ಟಿಯ ದರ ಬದಲಿಸು ಎಂದು ಅವಳು ಕೇಳಿ ಕೇಳಿ ಬೇಸತ್ತಳು. ಕೊನೆಗೆ, ಬೇರೆಯವರ ಹತ್ತಿರ ಹೋಗುತ್ತೇನೆ, ನನ್ನ ಹೆಸರು ನನಗೆ ಕೊಡು ಎಂದಳು.

ಯಜಮಾನನಿಗೆ ಮೈಯೆಲ್ಲ ಉರಿಯಿತು. ಓಣಿಯಲ್ಲಿ ಕೂತವಳನ್ನು ಮುಂಬೈತನಕ ಮುಟ್ಟಿಸಿದವನು ನಾನು, ನನಗೇ ತಿರುಗಿ ಬೀಳುತ್ತಾಳೆಯೇ ಎಂದುಕೊಂಡ. ಬೆರಳಿನಿಂದ ಒಂದು ಗುಂಡಿ ಒತ್ತಿದ. ವೆಬ್‌ಸೈಟ್ ಮುಚ್ಚಿತು. ದೂರದ ಗಿರಾಕಿಗಳು ಅವಳು ಕಸುಬನ್ನೇ ಬಿಟ್ಟಳೆಂದು ತಿಳಿದರು. ಓಣಿಯ ಒಲೆಗಳು ಆರಿದವು. ಇದು ಅನ್ಯಾಯ ಎಂದು ಆ ಮೊದಲ ಕೆಲಸಗಾರ ಮುಖದ ಮೇಲೇ ಹೇಳಿದ. ಯಜಮಾನ ಅವನನ್ನು ಎಲ್ಲರೆದುರು ಬೈದು ಹೊರಗೆ ಹಾಕಿದ.

ಹೆಂಗಸು ಮೆಟ್ಟಿಲು ಹತ್ತಿ ಬಂದಳು.

"ರೊಟ್ಟಿ ಬಡಿಯೂ ಕೈ ನಮ್ದು, ಹೆಸರೂ ನಮ್ದು. ಇಟ್ಕೋ ಅಂತ ಕೊಟ್ರ, ನಿಂದ ಆತೇನು?" ಎಂದಳು.

ಯಜಮಾನ ಕಾವಲಿನವನನ್ನು ಕರೆದು ಅವಳನ್ನು ಕೆಳಗೆ ಕಳಿಸಿದ. ಅವಳು ಅಳಲಿಲ್ಲ. ಮೆಟ್ಟಿಲಿಳಿಯುವಾಗಲೂ ಶಪಿಸುತ್ತಲೇ ಹೋದಳು, ಶಪಿಸುವ ಹಕ್ಕು ಅವಳಿಗಿತ್ತು.

ಮರುವರ್ಷ ದೊಡ್ಡ ಕಂಪನಿಯೊಂದು ಅವನ ಕಂಪನಿಯನ್ನು ಕೊಳ್ಳಲು ಬಂತು. ಮೊದಲು ಕಂಪನಿಯ ವೆಬ್‌ಸೈಟಿನ ಹೆಸರನ್ನು ನಮಗೆ ವರ್ಗಾಯಿಸಿ ಎಂದರು. ವರ್ಗಾಯಿಸಲು ಹೋದರೆ ಆ ಹೆಸರು ಯಜಮಾನನ ಖಾತೆಯಲ್ಲಿ ಇರಲೇ ಇಲ್ಲ. ಕಂಪನಿ ತೆರೆದ ದಿನ ಆನ್‌ಲೈನಿನಲ್ಲಿ ಹಣ ಕಟ್ಟುವ ಕಾರ್ಡು ಇದ್ದದ್ದು ಕೆಲಸಗಾರನ ಬಳಿ ಮಾತ್ರ. ಅವನೇ ತನ್ನ ಖಾತೆಯಲ್ಲಿ ನೋಂದಾಯಿಸಿದ್ದ. ಊರವರ ಹೆಸರುಗಳಿಗೆಲ್ಲ ಬೀಗ ಹಾಕಿ ಕೂತವನು ತನ್ನದನ್ನೇ ಮರೆತಿದ್ದ. ಹೊರಗೆ ಹಾಕಿಸಿಕೊಂಡ ವರ್ಷವೂ ಕೆಲಸಗಾರ ಅದನ್ನು ತಪ್ಪದೆ ನವೀಕರಿಸಿದ್ದ. ಯಜಮಾನ ಅವನಿಗೆ ಫೋನ್ ಮಾಡಿ, ಇಷ್ಟು ದಿನ ನನ್ನ ವೆಬ್‌ಸೈಟ್ ಯಾಕೆ ಮುಚ್ಚಲಿಲ್ಲ ಎಂದು ಕೇಳಿದ.

"ಸಿಟ್ಟು ನನಗೂ ಬಂದಿತ್ತು, ಇನ್ನೂ ಐತಿ," ಎಂದ ಕೆಲಸಗಾರ. "ಆದ್ರ ಹೆಸರು ನಿಮ್ದು. ನಾ ಬರೇ ಕಾಯಾಂವ. ಈಗ ಕಳಸ್ತೀನಿ, ತಗೋರಿ."

ಹೆಸರು ಬಂತು. ಯಜಮಾನ ಅದನ್ನು ನೋಡುತ್ತಾ ಕೂತ. ಮೆಟ್ಟಿಲಿಳಿದು ಹೋದ ಹೆಂಗಸಿನ ಮಾತು ಆಗ ಅವನ ಕಿವಿಯನ್ನು ಸುಟ್ಟಿತು.

ಗುರುಗಳು ಅಲ್ಲಿಗೇ ನಿಲ್ಲಿಸಿದರು. ರೊಟ್ಟಿಯವಳ ಹೆಸರನ್ನು ಯಜಮಾನ ಬಿಟ್ಟುಕೊಟ್ಟನೇ ಎಂದು ಸೋಮಲಿಂಗ ಕೇಳಿದ.

"ಅದನ್ನು ಹೇಳಬೇಕಾದವನು ನೀನು, ಕೀಲಿ ನಿನ್ನ ಸೊಂಟದಲ್ಲಿದೆ," ಎಂದರು ಗುರುಗಳು.